ತಾಂಬಾದ ತೊಟ್ಟಿ, ಸಹ್ಯಾದ್ರಿಯ ನೀರು
(ಉಪನ್ಯಾಸದ ಲಿಖಿತ ರೂಪ)



ಗುಡ್ಡಗಾಡಿನ ಜನರ ಮುಂದೆ ಬಯಲುಸೀಮೆಯ ಮೀನಿನ ಮಾತೇಕೆ ಎಂಬ ಪ್ರಶ್ನೆ ಸಹಜ. ಇಂಡಿ ತಾಲೂಕಿನ ಉತ್ತರದ ಅಂಚಿನಲ್ಲಿ ಹರಿಯುವ ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅದು ಸೇರುವುದು ಕೃಷ್ಣೆಯನ್ನು. ಮಲೆನಾಡಿನ ತುಂಗೆ, ಭದ್ರೆಯರೂ ಕೊನೆಗೆ ಸೇರುವುದು ಆ ಕೃಷ್ಣೆಯನ್ನೇ. ಇಂಡಿ ತಾಲೂಕಿನ ತಾಂಬಾದಲ್ಲಿ ತೊಟ್ಟಿಯಿಂದ ತಪ್ಪಿಸಿಕೊಂಡ ಮೀನು ಹಳ್ಳ ಹಿಡಿದು ಸಾಗಿದರೆ ಈ ಬಳಗದ ನೀರಿಗೇ ಬಂದು ಬೀಳುತ್ತದೆ.

ಊರೊಳಗಿನ ನಿವೇಶನದಲ್ಲಿಯೇ ಮೀನು ಸಾಕುವ ಬಯೋಫ್ಲಾಕ್ ವಿಧಾನ ಈಗ ಹಳ್ಳಿಗಳಿಗೂ ಪರಿಚಿತ. ಮೀನಿನ ಮಲವನ್ನೂ ಉಳಿದ ಆಹಾರವನ್ನೂ ಸೂಕ್ಷ್ಮಜೀವಿಗಳು ಮತ್ತೆ ಆಹಾರವಾಗಿಸುತ್ತವೆ. ಹಗಲಿರುಳು ಗಾಳಿ ಊದುತ್ತಿರಬೇಕು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು 4 ಮೀಟರ್ ವ್ಯಾಸದ 7 ತೊಟ್ಟಿಗಳ ಸಣ್ಣ ಘಟಕಕ್ಕೂ ಸಹಾಯಧನ ಗೊತ್ತುಮಾಡಿತು: ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60. ಇಂಥ ಘಟಕಕ್ಕೆ ಒಪ್ಪಿಗೆ ಬೇಡುವ ಅರ್ಜಿ ಪಂಚಾಯಿತಿಯ ಮೇಜಿಗೆ ಬಂದಾಗ ಅದನ್ನು ಬರಿಯ ಒಂದು ಸಹಿಯ ಕೆಲಸವೆಂದು ಬಗೆಯುವುದೇ ವಾಡಿಕೆ. ತಪ್ಪು ಆರಂಭವಾಗುವುದು ಅಲ್ಲಿ.

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಮೀನುಗಾರಿಕೆ 5ನೆಯದು. ಆದುದರಿಂದ ತಾಂಬಾ ಗ್ರಾಮ ಪಂಚಾಯಿತಿಗೆ ಇದು ಹೊರಗಿನ ವಿಷಯವಲ್ಲ. ಆದರೆ ನಗರಸಂಸ್ಥೆಗಳಿಗಾಗಿ ಇರುವ 12ನೇ ಅನುಸೂಚಿಯ 18 ವಿಷಯಗಳಲ್ಲಿ ಕಸಾಯಿಖಾನೆಯ ನಿಯಂತ್ರಣವಿದೆ, ಮೀನು ಸಾಕಣೆಯಿಲ್ಲ. ಇಂದು ಊರು, ನಾಳೆ ಪಟ್ಟಣ. ಪಟ್ಟಣವಾದೊಡನೆ ಮೀನು ಪಟ್ಟಿಯಿಂದ ಜಾರಿಬಿಡುತ್ತದೆ! ಪುರಸಭೆಗೆ ಹೋದ ಅರ್ಜಿ ಮೀನುಗಾರಿಕೆ ಇಲಾಖೆಗೂ ಪುರಸಭೆಗೂ ನಡುವೆ ಅಲೆಯುವುದಾದರೆ ಅದರ ಬೇರು ಇಲ್ಲಿದೆ.

ಮೊದಲ ಪ್ರಶ್ನೆ ನೀರಿನದು. 4 ಮೀಟರ್ ವ್ಯಾಸದ ತೊಟ್ಟಿಯಲ್ಲಿ 1 ಮೀಟರ್ ಆಳಕ್ಕೆ ನಿಲ್ಲುವುದು ಸುಮಾರು 12,500 ಲೀಟರ್. ಏಳು ತೊಟ್ಟಿಗೆ ಸುಮಾರು 88,000 ಲೀಟರ್. ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿದ್ದು 55 ಲೀಟರ್. ಅಂದರೆ ಒಮ್ಮೆ ತುಂಬಿಸುವ ನೀರು 1,600 ಜನರ ಒಂದು ದಿನದ ಪಾಲು. ನ್ಯಾಯವಾಗಿ ಹೇಳಬೇಕೆಂದರೆ, ತುಂಬಿಸಿದ ಮೇಲೆ ಈ ವಿಧಾನಕ್ಕೆ ಹೊಸ ನೀರು ಬೇಕಾಗುವುದು ಕೊಳದ ಸಾಕಣೆಗಿಂತ ಬಹಳ ಕಡಿಮೆ. ಆದರೂ ವಿಜಯಪುರ ಸೀಮೆಯ ಬಿಸಿಲು ಆವಿಯ ಲೆಕ್ಕವನ್ನು ಬಿಡುವುದಿಲ್ಲ. ಬೇಸಗೆಯಲ್ಲಿ ಕುಡಿಯುವ ನೀರಿನ ನಲ್ಲಿಯಿಂದ ತುಂಬಿಸಬಾರದೆಂಬ ಷರತ್ತು ಒಪ್ಪಿಗೆಯ ಹಾಳೆಯಲ್ಲಿಯೇ ಇರತಕ್ಕದ್ದು.

ಹೊರಬೀಳುವ ಕೊಳೆನೀರು ಚರಂಡಿಗೆ ಹೋದರೆ ರೋಗ, ದುರ್ವಾಸನೆ. ಅದರಲ್ಲಿರುವ ಸಾರಜನಕ ತೋಟಕ್ಕೆ ಗೊಬ್ಬರ. ಇಂಡಿ ಸೀಮೆ ಲಿಂಬೆಗೆ ಹೆಸರಾದುದು. ಯಾರ ತೋಟಕ್ಕೆ, ಯಾವ ದಾರಿಯಲ್ಲಿ ಈ ನೀರು ಹೋಗುತ್ತದೆಂದು ಅರ್ಜಿದಾರರು ಬರೆದುಕೊಡುವುದು ಕಷ್ಟವೇ?

ಮುಂದಿನದು, ಯಾವ ಮೀನು? ಆಫ್ರಿಕನ್ ಕ್ಯಾಟ್‌ಫಿಶ್ ಕೊಳಕು ನೀರಿನಲ್ಲಿಯೂ ಬದುಕುತ್ತದೆ, ಗಾಳಿಯಿಂದಲೂ ಉಸಿರಾಡುತ್ತದೆ, ಮಾಂಸದಂಗಡಿಯ ತ್ಯಾಜ್ಯ ತಿಂದು ಬೇಗ ಬೆಳೆಯುತ್ತದೆ. ಹಳ್ಳ ಸೇರಿದರೆ ನಾಡ ಮೀನುಗಳನ್ನೇ ತಿನ್ನುತ್ತದೆ. ಅದರ ಸಾಕಣೆಗೆ ನಿಷೇಧವಿದ್ದರೂ ಕದ್ದು ಸಾಕುವುದು ನಿಂತಿಲ್ಲ. ಜಿಲೇಬಿ ಎಂದು ಕರೆಯುವ ತಿಲಾಪಿಯಾ ಕೂಡ ಹೊರಗಿನದೇ. ತೊಟ್ಟಿಯ ಬಾಯಿಗೆ ಬಲೆ, ಹೊರದಾರಿಗೆ ಜಾಲರಿ ಇಲ್ಲದೆ ಅದನ್ನು ಒಪ್ಪಬಾರದು.

ನೆರೆಹೊರೆಯವರ ತಕರಾರು ಇದ್ದೇ ಇರುತ್ತದೆ. ವಾಸನೆಯ ಹೆಸರಿನಲ್ಲಿ ಬರುವ ತಕರಾರಿನಲ್ಲಿ ನಿಜವಾದ ವಾಸನೆ ಎಷ್ಟು, ಊಟದ ಮತ್ತು ಜಾತಿಯ ಭೇದ ಎಷ್ಟು ಎಂದು ಬೇರ್ಪಡಿಸಿ ನೋಡುವ ಧೈರ್ಯ ಗ್ರಾಮಸಭೆಗೆ ಬೇಕು. ಮೊದಲನೆಯದಕ್ಕೆ ಸ್ಥಳ ಪರಿಶೀಲನೆಯೇ ಉತ್ತರ. ಎರಡನೆಯದು ಅರ್ಜಿಯನ್ನು ತಳ್ಳಿಹಾಕಲು ಕಾರಣವಾಗಲಾರದು. ಆದರೆ ವಿದ್ಯುತ್ ಕೈಕೊಟ್ಟು ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಮೀನೆಲ್ಲ ಸತ್ತುಹೋಗಬಹುದು. ಪಕ್ಕದ ಮನೆಯವರು ಆಗ ಅದನ್ನು ಎಲ್ಲಿ ಹೂಳುವಿರೆಂದು ಕೇಳಿದರೆ, ಅದು ಕೇಳತಕ್ಕ ಮಾತೇ.