ಅಪ್ಪನ ಯಜ್ಡಿ, ನನ್ನ ಲೆಕ್ಕದ ಪುಸ್ತಕ

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಒಂದು ಸೌಂಡ್ ಪ್ಲೇ ಮಾಡ್ತೀನಿ.

(ಬೈಕ್ ಸ್ಟಾರ್ಟ್ ಆಗುವ ಸದ್ದು)

ಕೇಳಿಸ್ತಾ? ಡುಗುಡುಗು ಅನ್ನೋ ಬುಲೆಟ್ ಅಲ್ಲ ಇದು. ಇದು ಟೂ-ಸ್ಟ್ರೋಕ್. ಐಡಲ್‌ನಲ್ಲಿ ಒಂದು ಏಟು ಬಿಟ್ಟು ಒಂದು ಏಟು ಹೊಡೆಯೋ ಹಾಗೆ ತೊದಲ್ತಾ ಇರುತ್ತೆ. ನಮ್ಮಪ್ಪನ ಯಜ್ಡಿ 250, 1982ರ ಮಾಡೆಲ್. ಹೋದ ಭಾನುವಾರ ನಂಜನಗೂಡಲ್ಲಿ ನಮ್ಮ ಮನೆ ಮುಂದೆ ಫೋನಲ್ಲೇ ರೆಕಾರ್ಡ್ ಮಾಡಿದ್ದು, ಅದಕ್ಕೇ ಹಿಂದೆ ಪಕ್ಕದ ಮನೆ ಕುಕ್ಕರ್ ಸೀಟಿನೂ ಇದೆ. ಎಡಿಟ್ ಮಾಡೋಕೆ ಮನಸ್ಸು ಬರಲಿಲ್ಲ.

ಈ ಪಾಡ್‌ಕಾಸ್ಟಲ್ಲಿ ನಾನು ಸಾಮಾನ್ಯವಾಗಿ ದುಡ್ಡಿನ ವಿಷಯ ಮಾತಾಡ್ತೀನಿ. ಎಸ್‌ಐಪಿ, ಕ್ರೆಡಿಟ್ ಕಾರ್ಡ್, ಮೊದಲ ಸಂಬಳ ಇಂಥದ್ದು. ಇವತ್ತಿಂದೂ ಒಂದು ಲೆಕ್ಕದ ವಿಷಯಾನೇ, ಆದ್ರೆ ಸ್ವಲ್ಪ ಸುತ್ತಿ ಬರಬೇಕು.

2014. ನನಗೆ 17. ಫಸ್ಟ್ ಪಿಯುಸಿ ಕಾಮರ್ಸ್, ಅಕೌಂಟೆನ್ಸಿಯಲ್ಲಿ 23 ಮಾರ್ಕ್ಸ್. ಫೇಲ್. ನಮ್ಮಪ್ಪ ಏನ್ ಕೆಲಸ ಮಾಡ್ತಿದ್ರು ಅಂದ್ರೆ, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರಿಯೋರು! ಊರೋರೆಲ್ಲ ಬಡ್ಡಿ ಲೆಕ್ಕ ಸರಿ ಇದ್ಯಾ ಅಂತ ಅವರ ಹತ್ರ ತೋರಿಸ್ಕೊಂಡು ಹೋಗ್ತಿದ್ರು. ಅವರ ಮಗಳಿಗೆ ಡೆಬಿಟ್ ಯಾವ ಕಡೆ, ಕ್ರೆಡಿಟ್ ಯಾವ ಕಡೆ ಅಂತ ಗೊತ್ತಿಲ್ಲ. ಅಪ್ಪ ಬೈಯಲಿಲ್ಲ, ಬೈದಿದ್ರೆ ಚೆನ್ನಾಗಿರ್ತಿತ್ತು. ಮೂರು ವಾರ ಮಾತೇ ಇಲ್ಲ. 'ಅವಳಿಗೆ ಊಟಕ್ಕೆ ಬರೋಕೆ ಹೇಳು' ಅಂತ ಅಮ್ಮನಿಗೆ ಹೇಳೋರು, ನಾನು ಅಲ್ಲೇ ಎದುರಿಗೆ ಕೂತಿರ್ತಿದ್ದೆ.

ಗಾಡಿ ಆಗ ಹಿತ್ತಲಲ್ಲಿ ಶೀಟ್ ಕೆಳಗೆ ನಿಂತಿತ್ತು. ಅಪ್ಪ ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 2003ರಿಂದ ಸ್ಟಾರ್ಟ್ ಮಾಡಿರಲಿಲ್ಲ. ಹ್ಯಾಂಡಲ್ ಮೇಲೆ ಅಮ್ಮ ಒರೆಸೋ ಬಟ್ಟೆ ಒಣಗಿಸ್ತಿದ್ರು. ಸೀಟಿನ ಸ್ಪಂಜ್ ಎಲ್ಲ ಬೆಕ್ಕು ಕಿತ್ತಿತ್ತು. ಒಂದು ಭಾನುವಾರ ಗುಜರಿಯವನು ಬಂದು ಅಮ್ಮನ ಹತ್ರ ರೇಟ್ ಮಾತಾಡ್ತಾ ಇದ್ದ. ಅಪ್ಪ ಹೊರಗೆ ಬಂದ್ರು, ಅವನನ್ನ ಕಳಿಸಿದ್ರು, ನನ್ನ ಕಡೆ ತಿರುಗಿ 'ಹತ್ತು-ಹನ್ನೊಂದರ ಸ್ಪ್ಯಾನರ್ ತಗೊಂಡು ಬಾ' ಅಂದ್ರು. ಮೂರು ವಾರ ಆದ್ಮೇಲೆ ನನ್ನ ಹತ್ರ ಆಡಿದ ಮೊದಲ ಮಾತು ಅದು. ಸ್ಪ್ಯಾನರ್ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ.

ಈ ಗಾಡಿ ಗೊತ್ತಿಲ್ಲದೇ ಇರೋರಿಗೆ ಎರಡು ಮಾತು. ಜಾವಾ ಅನ್ನೋದು ಮೂಲತಃ ಜೆಕ್ ದೇಶದ ಕಂಪನಿ. ಅದರ ಲೈಸೆನ್ಸ್ ತಗೊಂಡು 1961ರಿಂದ ನಮ್ಮ ಮೈಸೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಬೈಕ್ ಮಾಡೋಕೆ ಶುರು ಮಾಡಿದ್ರು. 70ರ ದಶಕದಲ್ಲಿ ಹೆಸರು ಯಜ್ಡಿ ಅಂತ ಆಯ್ತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಈಗ ಶೋರೂಮಲ್ಲಿ ಕಾಣೋ ಜಾವಾ 2018ರಲ್ಲಿ, ಯಜ್ಡಿ 2022ರಲ್ಲಿ ಮತ್ತೆ ಬಂದ ಹೊಸ ಗಾಡಿಗಳು, ಫೋರ್-ಸ್ಟ್ರೋಕ್. ಹಳೇದರ ಮಜಾನೇ ಬೇರೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಕಡ್ಡಿ, ಅದೂ ಎಡಗಡೆ. ಅದನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಸ್ಟಾರ್ಟ್ ಆದ್ಮೇಲೆ ವಾಪಸ್ ಬಗ್ಗಿಸಿದ್ರೆ ಗೇರ್. ಕದಿಯೋಕೆ ಬಂದೋನಿಗೆ ಕಿಕ್ಕರ್ ಎಲ್ಲಿದೆ ಅಂತ ಹುಡುಕೋಕೇ ಅರ್ಧ ರಾತ್ರಿ ಬೇಕು ಅಂತ ಅಪ್ಪ ನಗ್ತಿರ್ತಾರೆ.

ಇನ್‌ಸ್ಟಾಗ್ರಾಂ ರೀಲಲ್ಲಿ ರಿಸ್ಟೋರೇಷನ್ ನೋಡಿರ್ತೀರಾ, 60 ಸೆಕೆಂಡಲ್ಲಿ ತುಕ್ಕು ಹೋಗಿ ಫಳಫಳ ಅಂತ ಬಂದುಬಿಡುತ್ತೆ. ನಮಗೆ ಹಿಡಿದಿದ್ದು 16 ತಿಂಗಳು. ಯಾಕಂದ್ರೆ ಭಾನುವಾರ ಮಾತ್ರ ಕೆಲಸ, ಅದೂ ಯಾರದ್ದೂ ಮದುವೆ ಇಲ್ಲದ ಭಾನುವಾರ. ಮೊದಲ ಎರಡು ತಿಂಗಳು ನಾವು ಬರೀ ಸ್ಕ್ರೂ ಬಿಚ್ಚಿದ್ವಿ. ತುಕ್ಕು ಹಿಡಿದ ಸ್ಕ್ರೂಗೆ ಶನಿವಾರ ರಾತ್ರಿ ಡೀಸೆಲ್ ಬಿಡೋದು, ಭಾನುವಾರ ಬೆಳಿಗ್ಗೆ ತಿರುಗಿಸೋದು, ಬರಲಿಲ್ಲ ಅಂದ್ರೆ ಮುಂದಿನ ವಾರ. ನಾನು ಬಲ ಹಾಕಿ ಮೂರು ಸ್ಕ್ರೂ ತಲೆ ಹಾಳು ಮಾಡಿದೆ. ಅಪ್ಪ ಬಿಚ್ಚಿದ ಪ್ರತಿ ಸಾಮಾನನ್ನೂ ಸಂಘದ ಹಳೆ ಕವರ್‌ಗಳಿಗೆ ಹಾಕಿ, ಮೇಲೆ ನೀಲಿ ಪೆನ್ನಲ್ಲಿ ಬರೆದಿಡ್ತಿದ್ರು: 'ಎಡ ಕವರ್, ಸ್ಕ್ರೂ 5, ಉದ್ದ 2, ಗಿಡ್ಡ 3'. ಆಗ ನನಗೆ ನಗು ಬರ್ತಿತ್ತು. ಒಂದು ವರ್ಷ ಬಿಟ್ಟು ಜೋಡಿಸೋವಾಗ ಆ ಕವರ್‌ಗಳೇ ಕಾಪಾಡಿದ್ದು. ನೀವು ಯಾರಾದ್ರೂ ಹಳೆ ಗಾಡಿಗೆ ಕೈ ಹಾಕೋದಾದ್ರೆ ಕವರ್ ಇಡಿ, ಜೊತೆಗೆ ಫೋಟೋನೂ ತೆಗೀರಿ. ಇನ್ನೂ ಒಂದು: ಸ್ಪ್ಯಾನರ್ ಮುಟ್ಟೋಕೆ ಮುಂಚೆ ಆರ್‌ಸಿ ಹುಡುಕಿ, ಇಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡಿ. 15 ವರ್ಷ ಆದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಆಗಬೇಕು. ನಮ್ಮದು ಆಗಿರಲಿಲ್ಲ. ಆ ಓಡಾಟದ ಕಥೆ ಬೇಡ ಬಿಡಿ.

ಟ್ಯಾಂಕ್ ಕೆಲಸ ಮಾತ್ರ ಹೇಳ್ಲೇಬೇಕು. ಒಳಗಡೆ ಪೂರ್ತಿ ತುಕ್ಕು. ಒಂದು ಹಿಡಿ ಹಳೆ ನಟ್ಟು, ಅರ್ಧ ಲೀಟರ್ ಡೀಸೆಲ್ ಒಳಗೆ ಹಾಕಿ, ಮುಚ್ಚಳ ಬಿಗಿದು, ಹಳೆ ಬೆಡ್‌ಶೀಟಲ್ಲಿ ಸುತ್ತಿ, ಆ ಕಡೆ ಅಪ್ಪ, ಈ ಕಡೆ ನಾನು ಹಿಡ್ಕೊಂಡು ಅಲ್ಲಾಡಿಸೋದು. ತೊಟ್ಟಿಲು ತೂಗಿದ ಹಾಗೆ, ಗಲಗಲ ಅಂತ. ಬೀದಿಯವರೆಲ್ಲ ಬಂದು ನೋಡಿದ್ರು. ಅವತ್ತು ಅಪ್ಪ ಜೋರಾಗಿ ನಕ್ಕಿದ್ದು ನೆನಪಿದೆ.

ಈಗ ಲೆಕ್ಕದ ಪುಸ್ತಕಕ್ಕೆ ಬರ್ತೀನಿ. ಮೊದಲ ಸಲ ಮೈಸೂರಿಂದ ಗ್ಯಾಸ್ಕೆಟ್ ಸೆಟ್ ತಂದ ದಿನ ಅಪ್ಪ ಒಂದು ಉದ್ದ ನೋಟ್‌ಬುಕ್ ಕೊಟ್ರು. 'ಗಾಡಿ ಲೆಕ್ಕ ನಿಂದು. ಜರ್ನಲ್ ಎಂಟ್ರಿ ಹಾಕು. ನರೇಷನ್ ಇಲ್ಲದೆ ಒಂದು ಎಂಟ್ರಿನೂ ಇರಬಾರದು.' ಕಾಮರ್ಸ್ ಓದದೇ ಇರೋರಿಗೆ ಹೇಳ್ತೀನಿ, ಜರ್ನಲ್ ಎಂಟ್ರಿ ಅಂದ್ರೆ ಯಾವ ಖಾತೆ ಡೆಬಿಟ್, ಯಾವುದು ಕ್ರೆಡಿಟ್ ಅಂತ ಬರೆದು, ಕೆಳಗೆ ಈ ವ್ಯವಹಾರ ಯಾಕೆ ನಡೀತು ಅಂತ ಒಂದು ಸಾಲು ಬರೀಬೇಕು. ಆ ಸಾಲೇ ನರೇಷನ್. ಕಾಲೇಜಲ್ಲಿ 'ಬೀಯಿಂಗ್ ಗೂಡ್ಸ್ ಪರ್ಚೇಸ್ಡ್ ಫಾರ್ ಕ್ಯಾಶ್' ಅಂತ ಉರು ಹೊಡೆದಿದ್ದೆ, ಏನು ಅಂತ ಅರ್ಥ ಆಗಿರಲಿಲ್ಲ. ಹೊರಗೆ ಹೋದ ಕ್ಯಾಶ್, ಒಳಗೆ ಬಂದ ಬೇರಿಂಗ್, ಇದನ್ನ ಕಣ್ಣಲ್ಲಿ ನೋಡಿ ಬರೆದಾಗ ಅರ್ಥ ಆಯ್ತು. ಸಪ್ಲಿಮೆಂಟರಿ ಹೇಗೋ ದಾಟಿದೆ, ಸೆಕೆಂಡ್ ಪಿಯುಸಿಯಲ್ಲಿ ಅಕೌಂಟೆನ್ಸಿ 81. ಗಾಡಿಗೆ ಒಟ್ಟು ಖರ್ಚು, ಕ್ರೋಮ್, ಪೇಂಟ್, ಟೈರ್ ಎಲ್ಲ ಸೇರಿ 34,260 ರೂಪಾಯಿ. ಪೈಸೆ ಸಮೇತ ತಾಳೆ ಆಗಿತ್ತು.

2015ರ ಆಗಸ್ಟ್‌ನಲ್ಲಿ ಸ್ಟಾರ್ಟ್ ಆಯ್ತು. ಹದಿನೇಳನೇ ಕಿಕ್‌ಗೋ ಹದಿನೆಂಟನೇದಕ್ಕೋ. ಮನೆ ತುಂಬ ಬಿಳಿ ಹೊಗೆ, ಅಮ್ಮ ಕೆಮ್ತಾ ಕೆಮ್ತಾ ಆರತಿ ತಂದ್ರು.

ಅಕ್ಟೋಬರಲ್ಲಿ, ನನಗೆ 18 ತುಂಬಿ ಎಲ್‌ಎಲ್‌ಆರ್ ಕೈಗೆ ಬಂದಿತ್ತು. ನಾನು ಒಬ್ಬಳೇ ಮೈಸೂರಿಗೆ ಹೊರಟೆ. ಎಲ್‌ಎಲ್‌ಆರ್ ಇಟ್ಕೊಂಡು ಒಬ್ಬರೇ ಹೈವೇಗೆ ಹೋಗೋದು ತಪ್ಪು, ನೀವು ಮಾಡಬೇಡಿ. ಅಪ್ಪನಿಗೂ ಹೇಳಿರಲಿಲ್ಲ, ಪೇಟೆ ತನಕ ಅಂದಿದ್ದೆ. ಈ ಗಾಡಿಗೆ ಬರೀ ಪೆಟ್ರೋಲ್ ಹಾಕೋ ಹಾಗಿಲ್ಲ. ಟೂ-ಸ್ಟ್ರೋಕ್ ಇಂಜಿನ್ನಲ್ಲಿ ಪಿಸ್ಟನ್ನಿಗೆ, ಕ್ರ್ಯಾಂಕ್ ಬೇರಿಂಗಿಗೆ ಬೇರೆ ಆಯಿಲ್ ಇರಲ್ಲ. ಪೆಟ್ರೋಲೇ ಹೋಗ್ತಾ ಹೋಗ್ತಾ ಆಯಿಲ್ ಹೊತ್ಕೊಂಡು ಹೋಗಬೇಕು. ಅಪ್ಪನ ಲೆಕ್ಕ ಲೀಟರಿಗೆ 40 ಎಂಎಲ್. ಸೈಡ್ ಬಾಕ್ಸಲ್ಲಿ ಕೆಮ್ಮಿನ ಸಿರಪ್ ಬಾಟಲಿಯಲ್ಲಿ ಸರಿಯಾಗಿ 80 ಎಂಎಲ್ ಆಯಿಲ್ ತುಂಬಿ ಇಟ್ಟಿರ್ತಿದ್ರು, ಎರಡು ಲೀಟರ್ ಪೆಟ್ರೋಲಿಗೆ.

ಬಂಕಲ್ಲಿ ಎರಡು ಲೀಟರ್ ಹಾಕಿಸಿದೆ. ಸುತ್ತ ಏಳೆಂಟು ಜನ ನಿಂತು ನೋಡ್ತಿದ್ರು, ಹುಡುಗಿ, ಯಜ್ಡಿ ಅಂತ. ಒಬ್ಬರು 'ಇದು ನೀನೇ ಕಿಕ್ ಹೊಡೀತೀಯೇನಮ್ಮಾ?' ಅಂದ್ರು. ಒಂದೇ ಕಿಕ್‌ಗೆ ಸ್ಟಾರ್ಟ್ ಆಯ್ತು. ನಾನು ಹಿಂದೆ ತಿರುಗಿ ನೋಡದೆ ಹೊರಟೆ. ಬಾಟಲಿ ಬಾಕ್ಸಲ್ಲೇ ಇತ್ತು.

ಕಡಕೊಳದ ಹತ್ರ ಇಂಜಿನ್ ಸೌಂಡ್ ಬದಲಾಯ್ತು, ಯಾರೋ ಹಿಂದಿಂದ ಹಿಡಿದು ಎಳೆದ ಹಾಗೆ. ಆಮೇಲೆ ಕೀಚ್ ಅಂತ ಹಿಂದಿನ ಚಕ್ರ ಲಾಕ್. ಕೈ ತಾನಾಗೇ ಕ್ಲಚ್ ಹಿಡೀತು, ಇಲ್ಲದಿದ್ರೆ ಇವತ್ತು ಈ ಎಪಿಸೋಡ್ ಇರ್ತಿರಲಿಲ್ಲ. ರಸ್ತೆ ಪಕ್ಕ ತಳ್ಳಿ ನಿಲ್ಲಿಸಿದೆ. ಕಿಕ್ಕರ್ ಕಲ್ಲಿನ ಹಾಗೆ, ಒಂದಿಂಚೂ ಇಳೀಲಿಲ್ಲ. ಏನಾಯ್ತು ಅಂತ ಗೊತ್ತಾಗೋಕೆ ಅರ್ಧ ನಿಮಿಷ ಬೇಕಾಯ್ತು.

ಆಮೇಲೆ ನಾನು ಮಾಡಿದ್ದನ್ನ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಸೈಡ್ ಬಾಕ್ಸ್ ತೆಗೆದೆ. ಬಾಟಲಿ ತುಂಬಿತ್ತು. ಅದನ್ನ ಮರದ ಹಿಂದೆ ತಗೊಂಡು ಹೋಗಿ ಮಣ್ಣಿಗೆ ಸುರಿದೆ. ಎಲೆ ಮುಚ್ಚಿದೆ. ಖಾಲಿ ಬಾಟಲಿ ವಾಪಸ್ ಇಟ್ಟೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ.

ಅಪ್ಪ ಅರ್ಧ ದಿನ ರಜೆ ಹಾಕಿ ಬಸ್ಸಲ್ಲಿ ಬಂದ್ರು. ಮೊದಲು ನನ್ನ ಮೊಣಕೈ, ಮೊಣಕಾಲು ನೋಡಿದ್ರು. ಇಲ್ಲಿಗೆ ಯಾಕೆ ಬಂದೆ ಅಂತ ಕೇಳಲಿಲ್ಲ. ಕಿಕ್ಕರ್ ಒತ್ತಿ ನೋಡಿದ್ರು. 'ಆಯಿಲ್ ಹಾಕಿದ್ಯಾ?' ಅಂದ್ರು. 'ಹೂಂ' ಅಂದೆ. ಸೈಡ್ ಬಾಕ್ಸ್ ತೆಗೆದು ಬಾಟಲಿ ಎತ್ತಿ ನೋಡಿದ್ರು, ಮುಚ್ಚಳ ಹಾಕಿ ಅಲ್ಲೇ ಇಟ್ರು. ಆಮೇಲೆ ಜೇಬಿಂದ ಕರ್ಚೀಫ್ ತೆಗೆದು ನನ್ನ ಕಡೆ ಚಾಚಿದ್ರು. 'ಕೈ ಒರೆಸ್ಕೋ' ಅಂದ್ರು.

ಕೈ ನೋಡ್ಕೊಂಡೆ. ಬಲಗೈ ಪೂರ್ತಿ ಆಯಿಲ್, ಅದರ ಮೇಲೆ ಮಣ್ಣು.

ಗೂಡ್ಸ್ ಆಟೋದಲ್ಲಿ ಮನೆಗೆ ಬಂದ್ವಿ. ಭಾನುವಾರ ಹೆಡ್ ಬಿಚ್ಚಿ ಸಿಲಿಂಡರ್ ಎತ್ತಿದಾಗ ಪಿಸ್ಟನ್ ಮೇಲೆ ಉದ್ದುದ್ದಕ್ಕೆ ಗೆರೆ, ಬೆಕ್ಕು ಪರಚಿದ ಹಾಗೆ. ಬೇರೆ ಏನೂ ಹೇಳಬೇಕಾಗಿರಲಿಲ್ಲ, ಆಯಿಲ್ ಇಲ್ಲದೆ ಬಿಸಿಯಾಗಿ ಹಿಗ್ಗಿ ಹಿಡ್ಕೊಂಡ ಪಿಸ್ಟನ್ ಹಾಗೇ ಇರುತ್ತೆ. ಅಪ್ಪ ಅದನ್ನ ಬಿಸಿಲಿಗೆ ಹಿಡಿದು ಸುಮಾರು ಹೊತ್ತು ನೋಡಿದ್ರು. ನನ್ನ ಕೈಗೂ ಕೊಟ್ರು. ಲೇತ್ ಅಂಗಡಿಯಲ್ಲಿ ರೀಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದ್ವಿ. ಒಟ್ಟು 2,350.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು ಎಂಟ್ರಿ ಹಾಕಿದೆ. ನರೇಷನ್ ಜಾಗಕ್ಕೆ ಬಂದು ಪೆನ್ನು ನಿಂತಿತು. ಅಪ್ಪ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರು. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ, 'ನಿಧಾನಕ್ಕೆ ಬರಿ, ಅರ್ಜೆಂಟ್ ಇಲ್ಲ' ಅಂದ್ರು. ನಾನು ಪುಸ್ತಕ ಮುಚ್ಚಿದೆ. ಮುಂದಿನ ಭಾನುವಾರ ಸೈಡ್ ಬಾಕ್ಸಲ್ಲಿ ಬಾಟಲಿ ಮತ್ತೆ ತುಂಬಿತ್ತು. ಗಾಡಿ ಕೀ ಯಾವಾಗಿನ ಹಾಗೆ ಮೊಳೆಗೇ ನೇತಾಡ್ತಿತ್ತು, ಎತ್ತಿಡಲಿಲ್ಲ.

ನಿಜ ಹೇಳ್ಬೇಕಂದ್ರೆ ನನಗೆ ಆವಾಗ ಸಿಟ್ಟು ಬಂದಿತ್ತು. ಗೊತ್ತಿದ್ದೂ ಕೇಳದೆ ಇರೋದು ಒಂಥರಾ ಶಿಕ್ಷೆ ಅಂತ. ಮೂರು ವಾರ ಮಾತು ಬಿಟ್ಟಿದ್ರಲ್ಲ, ಅದೇ ಥರದ್ದು ಅಂದ್ಕೊಂಡಿದ್ದೆ. ಈಗಲೂ ಅದು ಪೂರ್ತಿ ತಪ್ಪು ಅಂತ ಅನ್ಸಲ್ಲ. ನಮ್ಮಪ್ಪ ದೇವರೇನಲ್ಲ, ಮಾತಾಡೋಕೆ ಬರದೇ ಇರೋ ಮನುಷ್ಯ. ಕೇಳಿದ್ರೆ ನಾನು ಇನ್ನೊಂದು ಸುಳ್ಳು ಹೇಳ್ತೀನಿ ಅಂತ ಅವರಿಗೆ ಅನ್ನಿಸಿರಬಹುದು. ಹೇಳ್ತಿದ್ದೆ ಕೂಡ.

ನೋಟ್‌ಬುಕ್ ಈ ಸಲ ಊರಿಂದ ತಂದಿದ್ದೀನಿ, ಈಗ ಮೈಕ್ ಪಕ್ಕದಲ್ಲೇ ಇದೆ. ಪುಟ 31. ಪಿಸ್ಟನ್ ಮತ್ತು ರೀಬೋರ್ ಖಾತೆ ಡೆಬಿಟ್, 2,350. ಕ್ಯಾಶ್ ಖಾತೆಗೆ, 2,350. ಕೆಳಗೆ ಒಂದು ಸಾಲು ಖಾಲಿ. ಇಡೀ ಪುಸ್ತಕದಲ್ಲಿ ಖಾಲಿ ಇರೋದು ಅದೊಂದೇ.

ಅಪ್ಪ ರಿಟೈರ್ ಆಗಿದ್ದಾರೆ. ಬೆಳಿಗ್ಗೆ ಕಪಿಲಾ ನದಿ ಕಡೆ ವಾಕಿಂಗ್ ಹೋಗೋವಾಗ ನನ್ನ ಎಪಿಸೋಡ್ ಕೇಳ್ತಾರೆ, ಸ್ಪೀಕರಲ್ಲಿ, ಜೋರಾಗಿ. ಎಷ್ಟು ಸಲ ಹೇಳಿದ್ರೂ ಇಯರ್‌ಫೋನ್ ಹಾಕಲ್ಲ. ಅಪ್ಪಾ, ಈ ಸಲ ಒಂದು ನಿಮಿಷ ಕಿವಿ ಹತ್ರ ಇಟ್ಕೊಳ್ಳಿ. ಬರೀತಾ ಓದ್ತೀನಿ.

'ಪೆಟ್ರೋಲಿಗೆ ಆಯಿಲ್ ಹಾಕದೆ ಓಡಿಸಿದ್ದರಿಂದ ಇಂಜಿನ್ ಸೀಜ್ ಆಗಿ, ರೀಬೋರ್ ಮಾಡಿಸಿದ ಬಾಬ್ತು. ಆಯಿಲ್ 80 ಎಂಎಲ್ ಕಡಕೊಳದ ಹತ್ರ ಚೆಲ್ಲಿದ್ದು ನಾನು.'

ಸರಿ. ನಿಮ್ಮ ಮನೆ ಹಿತ್ತಲಲ್ಲೂ ಇಂಥ ಗಾಡಿ ನಿಂತಿದ್ರೆ ವಾಯ್ಸ್ ನೋಟ್ ಕಳಿಸಿ, ಸ್ಟಾರ್ಟ್ ಆಗದೇ ಇದ್ರೂ ಪರವಾಗಿಲ್ಲ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯ: ಹಳೆ ಗಾಡಿಗೆ ಇನ್ಶೂರೆನ್ಸ್ ಮಾಡಿಸೋದು ಹೇಗೆ ಅಂತ ಮಾತಾಡೋಣ. ಬರ್ತೀನಿ.