ನಿಂತರೆ ಬಿಟ್ಟಂತೆ ಅಲ್ಲ



ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವಕ್ಕಾಗಿ ನಮ್ಮ ತರಗತಿಯವರೆಲ್ಲ ಒಬ್ಬೊಬ್ಬ ಕನ್ನಡ ವಿದ್ವಾಂಸರ ಬಗ್ಗೆ ಪ್ರಾಜೆಕ್ಟ್ ಮಾಡಿದೆವು. ನಾನು ಫರ್ಡಿನಾಂಡ್ ಕಿಟೆಲ್ ಅವರನ್ನು ಆರಿಸಿಕೊಂಡೆ. ನನ್ನ ಹಾಗೆ ಅವರೂ ಕರ್ನಾಟಕದಲ್ಲಿ ಹುಟ್ಟಿದವರಲ್ಲ.

ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್ 1853ರಲ್ಲಿ, 21ನೇ ವಯಸ್ಸಿನಲ್ಲಿ, ಬಾಸೆಲ್ ಮಿಷನ್ ಪರವಾಗಿ ಕರ್ನಾಟಕಕ್ಕೆ ಬಂದರು. 1864ರಲ್ಲಿ ಅವರ ಹೆಂಡತಿ ಪೌಲಿನ್ ತೀರಿಕೊಂಡರು. ನಿಘಂಟಿನ ಕೆಲಸ ಹಿಡಿದ ಮೇಲೆ ಅವರ ಆರೋಗ್ಯವೂ ಕೆಟ್ಟಿತು. ನಡುವೆ ಜರ್ಮನಿಗೆ ಹೋಗಿ ಕೆಲವು ವರ್ಷ ಇದ್ದರು. ಆದರೆ ನಿಘಂಟಿಗಾಗಿ ಮತ್ತೆ ಬಂದರು. ಇಲ್ಲದ ಶಕ್ತಿಯನ್ನು ಒಬ್ಬರೇ ಎಲ್ಲಿಂದ ತರುತ್ತಾರೆ? ಕರ್ನಾಟಕದ ಪಂಡಿತರು ಅವರಿಗೆ ನೆರವಾದರು. ಕೊನೆಗೆ 1894ರಲ್ಲಿ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಪ್ರಾಜೆಕ್ಟ್ ಮಾಡುವಾಗ ನನಗೆ ಇವೆಲ್ಲ ಬರೀ ಇಸವಿಗಳಾಗಿದ್ದವು. ಜನವರಿಯಲ್ಲಿ ನನ್ನ ಅಮ್ಮನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಅಪ್ಪ ಕೆಲಸದ ನಡುವೆ ಅಮ್ಮನನ್ನು 520 ಸೇತುವೆ ದಾಟಿ ಸಿಯಾಟಲ್‌ಗೆ ಚಿಕಿತ್ಸೆಗೆ ಕರೆದುಕೊಂಡು ಹೋಗುತ್ತಿದ್ದರು. ಶನಿವಾರ ಅಮ್ಮ ಏಳಲಾರದೆ ಮಲಗಿರುತ್ತಿದ್ದರು. ತಮ್ಮನನ್ನು ನಾನು ನೋಡಿಕೊಳ್ಳುತ್ತಿದ್ದೆ. ಎರಡೂವರೆ ತಿಂಗಳು ನಾನು ಕನ್ನಡ ಶಾಲೆಗೆ ಬರಲಿಲ್ಲ. ಇನ್ನು ಈ ವರ್ಷ ಮುಗಿಯಿತು ಅಂದುಕೊಂಡಿದ್ದೆ.

ಆದರೆ ನಮ್ಮ ಟೀಚರ್ ಹಾಜರಿ ಪುಸ್ತಕದಿಂದ ನನ್ನ ಹೆಸರು ತೆಗೆಯಲಿಲ್ಲ. ಪ್ರತಿವಾರ ಗೆಳತಿಯ ಕೈಯಲ್ಲಿ ಪಾಠದ ಹಾಳೆ ಕಳಿಸಿದರು. ಶಿವಮೊಗ್ಗದಿಂದ ಬಂದ ಅಜ್ಜಿ ರಾತ್ರಿ ಪಾತ್ರೆ ತೊಳೆದಾದ ಮೇಲೆ ನನ್ನಿಂದ ಒಂದು ಪುಟ ಓದಿಸಿದರು. ನಾನು 'ದನ' ಅಂದರೆ, "ದನ ಕೊಟ್ಟಿಗೇಲಿರುತ್ತೆ ಪುಟ್ಟಿ, ಬ್ಯಾಂಕಲ್ಲಿರೋದು ಧನ" ಅಂದು ಅಮ್ಮನನ್ನೂ ನಗಿಸಿದರು. ಏಪ್ರಿಲ್‌ನಲ್ಲಿ ನಾನು ವಾಪಸ್ ಬಂದಾಗ ನನ್ನ ಜಾಗ ಹಾಗೇ ಇತ್ತು.

ಆಗ ಕಿಟೆಲ್ ನನಗೆ ಅರ್ಥವಾದರು. ಓದು ನಿಲ್ಲದೆ ನಡೆಯಬೇಕು ಎಂದೇನಿಲ್ಲ. ನಿಂತು, ಮತ್ತೆ ಶುರುವಾದರೂ ಅದು ಓದೇ. ಆದರೆ ಮತ್ತೆ ಬರಲು ಒಂದು ಜಾಗ ಬೇಕು, ಕೈ ಜೋಡಿಸುವವರು ಬೇಕು.

ಅದಕ್ಕೇ ನನ್ನದೊಂದು ಕೋರಿಕೆ. ಮುಂದಿನ ವರ್ಷ ಇನ್ಯಾರದೋ ಮನೆಯಲ್ಲಿ ಹೀಗಾಗಬಹುದು. ಗುರುಗಳೇ, ಆ ಮಗುವಿನ ಹೆಸರು ಪಟ್ಟಿಯಲ್ಲಿರಲಿ. ಅಂಕಲ್, ಆಂಟಿಯರೇ, ನಮ್ಮ ಮನೆಗೆ ನೀವು ತಂದುಕೊಟ್ಟ ಸಾರು, ಚಪಾತಿಗೆ ನಾವು ಋಣಿ. ಜೊತೆಗೆ ಶನಿವಾರ ನಿಮ್ಮ ಕಾರಿನಲ್ಲಿ ಆ ಮಗುವಿಗೂ ಒಂದು ಸೀಟು ಇರಲಿ.

ಅಮ್ಮನ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಆದರೂ ಇವತ್ತು ಬಂದಿದ್ದಾರೆ. ಈ ಪ್ರಮಾಣಪತ್ರದಲ್ಲಿ ಅವರದೂ, ಅಜ್ಜಿಯದೂ ಪಾಲಿದೆ.