ಚಿತ್ರಕಥೆಯ ಪುಟದಲ್ಲಿ ನಗರ

ಅಮೆರಿಕದಲ್ಲಿ ಕಾಮಿಕ್ಸ್ ಬೆಳೆದದ್ದು ಮಹಾನಗರದ ದಿನಪತ್ರಿಕೆಗಳಲ್ಲಿ. ಹೀಗಾಗಿ ನಗರದ ಬದುಕು ಆ ಪ್ರಕಾರಕ್ಕೆ ಆರಂಭದಿಂದಲೇ ಒದಗಿಬಂದ ವಸ್ತುವಾಗಿದೆ. 1895ರಲ್ಲಿ ರಿಚರ್ಡ್ ಔಟ್‌ಕಾಲ್ಟ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಬರೆಯತೊಡಗಿದ ‘ಹೋಗನ್ಸ್ ಆ್ಯಲಿ’ ಚಿತ್ರಗಳಲ್ಲಿ ಬಡವರ ವಠಾರ, ಬಟ್ಟೆ ಒಣಹಾಕಿದ ಹಗ್ಗ, ಮಕ್ಕಳ ಆಟ ಮತ್ತು ಜಗಳ ಒಂದೇ ದೊಡ್ಡ ಚಿತ್ರದಲ್ಲಿ ಕಿಕ್ಕಿರಿದಿದ್ದವು. ಮುಂದೆ ತನ್ನ ಮಾತನ್ನು ಅಂಗಿಯ ಮೇಲೆಯೇ ಹೊತ್ತು ನಿಂತ ಹಳದಿ ಅಂಗಿಯ ಹುಡುಗ ಆ ಓಣಿಯ ಪ್ರತಿನಿಧಿಯಾದ.

ಕಾಮಿಕ್ಸ್‌ನ ಪುಟವು ಸಾಮಾನ್ಯವಾಗಿ ಚೌಕಟ್ಟುಗಳಾಗಿ ವಿಭಜಿತವಾಗಿರುತ್ತದೆ. ಎರಡು ಚೌಕಟ್ಟುಗಳ ನಡುವಣ ಖಾಲಿ ಜಾಗವನ್ನು ‘ಗಟರ್’ ಎನ್ನುತ್ತಾರೆ, ಅಲ್ಲಿ ಬಿಟ್ಟುಹೋದುದನ್ನು ಓದುಗನ ಕಲ್ಪನೆ ತುಂಬಿಕೊಳ್ಳುತ್ತದೆ. ಗದ್ಯವು ಹತ್ತು ಕೋಣೆಗಳ ಸಂಗತಿಯನ್ನು ಒಂದಾದ ಮೇಲೊಂದರಂತೆ ಹೇಳಬೇಕಾದರೆ, ಕಾಮಿಕ್ಸ್‌ನ ಪುಟವು ಅವೆಲ್ಲವನ್ನೂ ಒಟ್ಟಿಗೆ ಕಣ್ಣ ಮುಂದಿಟ್ಟು, ಅನಂತರ ಒಂದೊಂದನ್ನೇ ಓದಲು ಬಿಡುತ್ತದೆ. ಒಂದೇ ಗೋಡೆಯ ಆಚೀಚೆ ಒಂದೇ ಗಳಿಗೆಯಲ್ಲಿ ಬದುಕುತ್ತಲೇ ಪರಸ್ಪರ ಅಪರಿಚಿತರಾಗಿ ಉಳಿಯುವ ನಗರವಾಸಿಗಳ ಸ್ಥಿತಿಯನ್ನು ಹಿಡಿಯಲು ಈ ಗುಣ ವಿಶೇಷವಾಗಿ ನೆರವಾಗುತ್ತದೆ.

ಇದನ್ನು ಆಳವಾಗಿ ಅರಿತ ಕಲಾವಿದ ವಿಲ್ ಐಸ್ನರ್ (1917–2005). ಯಹೂದಿ ವಲಸಿಗರ ಮಗನಾದ ಆತನ ‘ಎ ಕಾಂಟ್ರಾಕ್ಟ್ ವಿತ್ ಗಾಡ್’ (1978) ಕೃತಿಯ ಕಥೆಗಳಿಗೆ ಬ್ರಾಂಕ್ಸ್ ಪ್ರದೇಶದ ಡ್ರಾಪ್ಸಿ ಅವೆನ್ಯೂ ಎಂಬ ಕಲ್ಪಿತ ಬೀದಿಯ 55ನೆಯ ಸಂಖ್ಯೆಯ ವಠಾರವೇ ಕೇಂದ್ರ. ಸಾಕುಮಗಳನ್ನು ಕಳೆದುಕೊಂಡು, ದೇವರು ತನ್ನೊಡನೆ ಮಾಡಿಕೊಂಡ ಒಪ್ಪಂದವನ್ನು ಮುರಿದನೆಂದು ಬಗೆದ ಫ್ರಿಮ್ಮಿ ಹರ್ಶ್‌ನ ದುಃಖ ಮೊದಲ ಕಥೆಯ ವಸ್ತು. ಅನೇಕ ಪುಟಗಳಲ್ಲಿ ಐಸ್ನರ್ ಚೌಕಟ್ಟಿನ ಗೆರೆಗಳನ್ನೇ ಬಿಟ್ಟುಕೊಟ್ಟು, ಕಿಟಕಿ, ಬಾಗಿಲು, ಮೆಟ್ಟಿಲುಗಳಿಂದಲೇ ದೃಶ್ಯವನ್ನು ಕಟ್ಟುತ್ತಾನಾದ್ದರಿಂದ ಕಟ್ಟಡವೇ ಕಥನದ ವಿನ್ಯಾಸವಾಗುತ್ತದೆ.

ಕ್ರಿಸ್ ವೇರ್‌ನ ‘ಬಿಲ್ಡಿಂಗ್ ಸ್ಟೋರೀಸ್’ (2012) ಇದೇ ವಿನ್ಯಾಸವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಷಿಕಾಗೋದ ಮೂರು ಅಂತಸ್ತಿನ ಮನೆಯೊಂದರ ನಿವಾಸಿಗಳ ಕಥೆಯು ಪೆಟ್ಟಿಗೆಯೊಂದರಲ್ಲಿ 14 ಬಿಡಿ ಮುದ್ರಣಗಳಾಗಿ ದೊರೆಯುತ್ತದೆ, ಯಾವುದನ್ನು ಮೊದಲು ಓದಬೇಕೆಂಬ ಕಟ್ಟಳೆಯಿಲ್ಲ; ನೆರೆಯವರ ಬದುಕು ನಗರವಾಸಿಗೆ ತಿಳಿಯುವುದೂ ಹೀಗೆ ತುಣುಕುಗಳಲ್ಲಿಯೇ.

ಭಾರತದಲ್ಲಿ ಸಾರನಾಥ ಬ್ಯಾನರ್ಜಿಯವರ ‘ಕಾರಿಡಾರ್’ (2004) ದೆಹಲಿಯ ಕನಾಟ್ ಪ್ಲೇಸ್‌ನಲ್ಲಿರುವ ಜಹಾಂಗೀರ್ ರಂಗೂನ್‌ವಾಲಾ ಎಂಬ ಪಾತ್ರದ ಹಳೆಯ ಪುಸ್ತಕದಂಗಡಿಯ ಸುತ್ತ ಹೆಣೆದ ಕೃತಿ. ರೇಖಾಚಿತ್ರದೊಡನೆ ಛಾಯಾಚಿತ್ರಗಳನ್ನೂ ಬೆರೆಸುವ ಈ ಕೃತಿಯಲ್ಲಿ, ತಮ್ಮತಮ್ಮ ಹಂಬಲಗಳಲ್ಲಿ ಮುಳುಗಿದ ಗಂಡಸರು ಒಬ್ಬರನ್ನೊಬ್ಬರು ಸಂಧಿಸಲು ಆ ಅಂಗಡಿ ನೆಲೆಯಾಗುತ್ತದೆ.

ಜನಗಣತಿಯು ನಗರದ ಜನಸಂಖ್ಯೆಯನ್ನೂ ನಕಾಶೆಯು ಅದರ ಬೀದಿಗಳನ್ನೂ ದಾಖಲಿಸಬಲ್ಲವು. ಆ ಜನಸಂದಣಿಯೊಳಗಿನ ಒಂಟಿತನವನ್ನೂ, ಸಂದಣಿಯನ್ನೂ ಒಂದೇ ಪುಟದಲ್ಲಿ ಕಾಣಿಸಬಲ್ಲ ಈ ಕೃತಿಗಳನ್ನು ಮಕ್ಕಳ ವಿನೋದವೆಂದು ಬದಿಗಿರಿಸದೆ, ಕಾದಂಬರಿಗೆ ಸಲ್ಲುವಷ್ಟೇ ಗಂಭೀರವಾದ ಓದಿಗೆ ಒಳಪಡಿಸುವುದು ಸಾಹಿತ್ಯ ವಿಮರ್ಶೆಯ ಹೊಣೆಯಾಗಿದೆ.